ಬಾಯಲ್ಲಿದ್ದ ಇಂಗ್ಲಿಷ್

ಹತ್ತನೇ ತರಗತಿಯಲ್ಲಿ ನಾನು ಇಂಗ್ಲಿಷಿಗೆ ನಪಾಸಾದ ಸುದ್ದಿ ಬಂದ ದಿನ ಅಪ್ಪ ಅಂಗಡಿಯ ಬಾಗಿಲನ್ನು ಅರ್ಧ ಎಳೆದುಕೊಂಡು ಒಳಗೇ ಕೂತುಬಿಟ್ಟ. ಗಜೇಂದ್ರಗಡದಲ್ಲಿ ಗಾದಿ, ತಲೆದಿಂಬು ಮಾಡಿಕೊಡುವ ಪಿಂಜಾರರ ಮನೆ ನಮ್ಮದು. ಹತ್ತಿ ಹಿಂಜುವ ಯಂತ್ರದ ಸದ್ದು ಆ ದಿನ ಇರಲಿಲ್ಲ.

“ಗಣಿತದಾಗ ಹೋಗಿದ್ರ ಹೋಗಲಿ ಅಂತಿದ್ನಿ,” ಎಂದ ಅಪ್ಪ. “ಇಂಗ್ಲಿಷ್‌ನಾಗ ಹ್ಯಾಂಗ ಹೋತು?”

ನನಗೂ ಅದೇ ತಿಳಿಯುತ್ತಿರಲಿಲ್ಲ. ಉಳಿದೆಲ್ಲ ವಿಷಯಗಳಲ್ಲಿ ಪಾಸಾಗಿದ್ದೆ. ಇಂಗ್ಲಿಷ್ ನನ್ನದು ಎಂದುಕೊಂಡಿದ್ದೆ.

ಏಳನೇ ತರಗತಿಯವರೆಗೆ ನನಗೆ ಕಣ್ಣು ಕಾಣುತ್ತಿತ್ತು. ಮೊದಲು ಸಂಜೆಯ ಹೊತ್ತು ಮಬ್ಬಾಯಿತು, ಆಮೇಲೆ ಕರಿಹಲಗೆ, ಕೊನೆಗೆ ಪುಸ್ತಕದ ಅಕ್ಷರ. ಹುಬ್ಬಳ್ಳಿಯ ಡಾಕ್ಟರು ಕಣ್ಣಿನೊಳಗಿನ ಪರದೆ ಒಣಗುತ್ತಿದೆ, ಔಷಧ ಇಲ್ಲ ಎಂದರು. ನಮ್ಮ ಕನ್ನಡ ಶಾಲೆಯಲ್ಲಿ ಇಂಗ್ಲಿಷ್ ಶುರುವಾಗುತ್ತಿದ್ದುದು ಐದನೇ ತರಗತಿಯಲ್ಲಿ. ಹಾಗಾಗಿ ಇಂಗ್ಲಿಷ್ ಅಕ್ಷರಗಳೂ ಒಂದಿಷ್ಟು ಸಣ್ಣ ಶಬ್ದಗಳೂ ನನ್ನ ಕಣ್ಣಿಗೆ ಸಿಕ್ಕಿದ್ದವು, ಅಷ್ಟೇ. ಉಳಿದ ಇಂಗ್ಲಿಷೆಲ್ಲ ಬಂದದ್ದು ಕಿವಿಯಿಂದ. ಅಪ್ಪನಿಗೆ ಕ್ರಿಕೆಟ್ಟಿನ ಹುಚ್ಚು. ಹಿಂದಿ ಕಾಮೆಂಟರಿ ಮುಗಿದು ಇಂಗ್ಲಿಷಿನದು ಬಂದರೂ ರೇಡಿಯೋ ಬಂದ್ ಮಾಡುತ್ತಿರಲಿಲ್ಲ. ಆ ಮಾತುಗಳನ್ನು ನಾನು ಅದೇ ಏರಿಳಿತದಲ್ಲಿ ಹೇಳಿಕೊಳ್ಳುತ್ತ ಹತ್ತಿ ತುಂಬುತ್ತಿದ್ದೆ. ಹೈಸ್ಕೂಲಿನ ಇಂಗ್ಲಿಷ್ ಸರ್ ಒಮ್ಮೆ ಗಾದಿ ಹೊಲಿಸಲು ಬಂದವರು ಬಾಗಿಲಲ್ಲೇ ನಿಂತು ಕೇಳಿದರಂತೆ. ಅಂದಿನಿಂದ ಅವರು ನನಗೆ ಪಾಠಗಳನ್ನು ಓದಿ ಹೇಳತೊಡಗಿದರು, ನಾನು ಇಂಗ್ಲಿಷಿನಲ್ಲೇ ಉತ್ತರ ಹೇಳುತ್ತಿದ್ದೆ. ಸ್ಪೆಲಿಂಗ್ ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಬರೆಯುವ ಕೆಲಸ ಬೇರೆಯವರದು ಎಂದು ಇಬ್ಬರೂ ನಂಬಿದ್ದೆವು.

ಪರೀಕ್ಷೆಯಲ್ಲಿ ನಾನು ಹೇಳಿದ್ದನ್ನು ಬರೆಯಲು ಒಬ್ಬರು ಬೇಕು, ಅವರು ನನಗಿಂತ ಕೆಳಗಿನ ತರಗತಿಯವರಾಗಿರಬೇಕು ಎಂಬುದು ನಿಯಮ. ಮುಶಿಗೇರಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಒಪ್ಪಿಕೊಂಡಳು. ರೈತರ ಮನೆಯವಳು, ಅಕ್ಷರ ದುಂಡಗೆ, ಮಾತು ಮೆಲ್ಲಗೆ. ಕನ್ನಡ, ಸಮಾಜ, ವಿಜ್ಞಾನದ ಪರೀಕ್ಷೆಗಳಲ್ಲಿ ನನ್ನ ಬಾಯಿ ನಿಂತ ಕೂಡಲೇ ಅವಳ ಪೆನ್ನೂ ನಿಲ್ಲುತ್ತಿತ್ತು.

ಇಂಗ್ಲಿಷ್ ಪರೀಕ್ಷೆಯ ದಿನ ನಮ್ಮಿಬ್ಬರನ್ನೂ ಬೇರೆ ಕೋಣೆಯಲ್ಲಿ ಕೂಡಿಸಿದರು. ಮೊದಲಿನ ಒಂದೊಂದು ಅಂಕದ ಪ್ರಶ್ನೆಗಳು ಸರಿಯಾಗಿ ಹೋದವು. ದೊಡ್ಡ ಉತ್ತರ ಶುರುವಾದಾಗ ಅವಳು ನನ್ನ ಕಡೆ ಬಾಗಿದಳು.

“ಅಕ್ಕಾ, ಇದನ್ನ ಹ್ಯಾಂಗ ಬರೀಬೇಕು?”

ನನಗೆ ಗೊತ್ತಿರಲಿಲ್ಲ. ಮತ್ತೆ ಮತ್ತೆ ಅವಳು ಕೇಳುವುದು, ನಾನು ತಡವರಿಸುವುದು ನಡೆದಾಗ ಕೋಣೆಯ ಮೇಲ್ವಿಚಾರಣೆಗಿದ್ದ ಮೇಡಂ ಎದ್ದು ಬಂದರು.

“ಆಕಿ ಹೇಳಿದ್ದನ್ನ ನೀ ಬರಿ, ಅಷ್ಟ. ಇಬ್ಬರೂ ಹಿಂಗ ಮಾತಾಡಿದ್ರ ನಾ ಹೊರಗ ಕಳಸಬೇಕಾಗತೈತಿ.”

ಅವಳು ಮತ್ತೆ ಕೇಳಲಿಲ್ಲ. ಆಮೇಲೆ ಪೆನ್ನು ಸರಸರ ಓಡತೊಡಗಿತು. ನನಗೆ ಹೋದ ಜೀವ ಬಂದಂತಾಯಿತು. ಪ್ರಬಂಧಕ್ಕೆ ಅಪ್ಪನ ಕೆಲಸವನ್ನೇ ಆರಿಸಿಕೊಂಡು, ಹಿಂಜಿದ ಹತ್ತಿ ಮೋಡದ ಹಾಗೆ ಮೇಲೇಳುವುದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಹೇಳುವಾಗ ನನಗೆ ಎಷ್ಟೋ ವರ್ಷದ ಮೇಲೆ ಏನನ್ನೋ ನೋಡಿದಂತಾಗಿತ್ತು. ಗಂಟೆ ಹೊಡೆಯುವ ಮೊದಲೇ ಎಲ್ಲ ಮುಗಿಸಿ ಹೊರಬಂದೆವು. ಅವಳು ಬಸ್ಸು ತಪ್ಪುತ್ತದೆಂದು ಓಡಿಹೋದಳು.

ಫಲಿತಾಂಶ ಬಂದ ಎರಡು ದಿನಕ್ಕೆ ಅವಳು ತನ್ನ ತಾಯಿಯೊಂದಿಗೆ ನಮ್ಮ ಮನೆಗೆ ಬಂದಳು. ಬಾಗಿಲಲ್ಲೇ ಅಳುತ್ತ ನಿಂತವಳನ್ನು ಅವ್ವ ಒಳಗೆ ಕರೆತಂದು ನನ್ನ ಪಕ್ಕ ಕೂಡಿಸಿದಳು.

“ಅಕ್ಕಾ, ನಾ ಕನ್ನಡದಾಗ ಬರದಿದ್ನಿ.”

“ಏನ ಬರದಿದ್ದಿ?”

“ನಿನ್ನ ಇಂಗ್ಲಿಷ್ ಮಾತ. ಕನ್ನಡ ಅಕ್ಷರದಾಗ. ಸ್ಪೆಲಿಂಗ್ ಬರಲಿಲ್ಲ, ಕೇಳಿದ್ರ ಹೊರಗ ಹಾಕ್ತಾರಂತ ಹೆದರಿಕಿ ಆತು. ಖಾಲಿ ಬಿಡೂದಕಿಂತ ಇದು ಚಲೋ ಅಂದ್ಕೊಂಡೆ. ನೀ ಅಂದದ್ದು ಅಂದಾಂಗ ಬರದೀನಿ, ಒಂದ ಮಾತೂ ಬಿಟ್ಟಿಲ್ಲ.”

ಮೈ ಫಾದರ್ ಬೀಟ್ಸ್ ದಿ ಕಾಟನ್ ಅಂಟಿಲ್ ಇಟ್ ರೈಸಸ್ ಲೈಕ್ ಎ ಕ್ಲೌಡ್. ಹೀಗೆ, ದುಂಡನೆಯ ಕನ್ನಡದಲ್ಲಿ, ಪುಟಗಟ್ಟಲೆ. ತಿದ್ದುವವರು ಅದನ್ನು ಓದಿ ನಕ್ಕರೋ, ಓದದೆಯೇ ಗೆರೆ ಎಳೆದರೋ ಯಾರಿಗೆ ಗೊತ್ತು. ಅವಳ ಮೇಲೆ ಸಿಟ್ಟು ಮಾಡಲು ನೋಡಿದೆ, ಬರಲಿಲ್ಲ. ಅವಳ ತಾಯಿ “ನಮ್ಮ ಹುಡುಗಿಯಿಂದ ನಿಮ್ಮ ಮಗಳ ಬಾಳೇ ಹಾಳಾತ್ರಿ” ಎಂದು ಅವ್ವನ ಕೈ ಹಿಡಿದುಕೊಂಡಳು. ಅವ್ವ ಚಹಾ ಮಾಡಲು ಎದ್ದುಹೋದಳು. ಒಳಗಿನಿಂದ ಬಹಳ ಹೊತ್ತು ಚಹಾ ಬರಲಿಲ್ಲ.

ಇಂಗ್ಲಿಷ್ ಸರ್ ನನ್ನನ್ನೂ ಅಪ್ಪನನ್ನೂ ರೋಣಕ್ಕೆ, ಶಿಕ್ಷಣ ಇಲಾಖೆಯ ಕಚೇರಿಗೆ ಕರೆದುಕೊಂಡು ಹೋದರು. ಅಲ್ಲಿದ್ದ ಅಧಿಕಾರಿಗೆ ನಡೆದದ್ದನ್ನೆಲ್ಲ ಹೇಳಿದರು. ನನಗೆ ತಡೆಯಲಾಗಲಿಲ್ಲ.

“ಸಾಹೇಬ್ರ, ನೀವ ಪ್ರಶ್ನಿ ಕೇಳ್ರಿ. ಎಲ್ಲಾದಕ್ಕೂ ನಾ ಇಲ್ಲೇ ಬಾಯಿಲೆ ಉತ್ತರ ಹೇಳ್ತೀನಿ. ಕೇಳಿ ನೀವ ಎಷ್ಟ ಕೊಡ್ತೀರಿ ಅಷ್ಟ ಕೊಡ್ರಿ.”

ಅವರು ಪ್ರಶ್ನೆ ಕೇಳುವವರೆಗೆ ನಾನು ಕಾಯಲಿಲ್ಲ. ನಾನೇ ಶುರುಮಾಡಿ ಅದೇ ಪ್ರಬಂಧವನ್ನು ಮೊದಲಿನಿಂದ ಕೊನೆಯವರೆಗೆ ಇಂಗ್ಲಿಷಿನಲ್ಲಿ ಹೇಳಿದೆ. ಪಕ್ಕದ ಮೇಜಿನಲ್ಲಿ ಟೈಪು ಮಾಡುತ್ತಿದ್ದವರೂ ನಿಲ್ಲಿಸಿದ್ದು ಕೇಳಿಸಿತು. ನನ್ನ ಧ್ವನಿ ಗಟ್ಟಿಯಾಗುತ್ತ ಹೋಯಿತು, ಭಿಕ್ಷೆ ಬೇಡುವವರ ಧ್ವನಿ ಗಟ್ಟಿಯಾಗುವ ಹಾಗೆ. ಅದು ನನಗೇ ತಿಳಿಯುತ್ತಿತ್ತು, ಆದರೂ ನಿಲ್ಲಿಸಲಾಗಲಿಲ್ಲ.

“ಇಷ್ಟ ಚಲೋ ಮಾತಾಡಾಕ ನನಗೂ ಬರೂದಿಲ್ಲ ತಂಗಿ,” ಎಂದರು ಅಧಿಕಾರಿ. ಅವರ ಮಾತಿನಲ್ಲಿ ಕುಹಕವಿರಲಿಲ್ಲ. “ಆದ್ರ ನಾ ಕೇಳಿದ್ದಕ್ಕ ಬೆಲಿ ಇಲ್ಲ. ಹತ್ತನೇ ಕ್ಲಾಸಿನ ಇಂಗ್ಲಿಷಿಗೆ ಬಾಯಿ ಪರೀಕ್ಷಾ ಇಟ್ಟಿಲ್ಲ. ಪೇಪರಿನ್ಯಾಗ ಏನೈತಿ, ಅಷ್ಟ. ಮುಂದಿನ ತಿಂಗಳ ಮತ್ತ ಪರೀಕ್ಷಾ ಐತಿ, ಕೂಡು.”

“ಬರಿಯಾಕ ಅದೇ ಹುಡುಗಿನ್ನ ಕರ್ಕೊಂಡ್ರ ನಡೀತೈತೇನ್ರಿ?” ಎಂದು ಸರ್ ಕೇಳಿದರು. “ಈ ಸಲ ಸ್ಪೆಲಿಂಗ್ ಕಲಿಸಿ ತಯಾರ ಮಾಡ್ತೀನಿ.”

“ಆಕಿ ಈಗ ಹತ್ತನೇ ಕ್ಲಾಸಿಗೆ ಬಂದಾಳಲ್ರಿ. ಬ್ಯಾರೆದಾಕಿನ್ನ ನೋಡ್ರಿ.”

ಬಸ್ಸಿನಲ್ಲಿ ಅಪ್ಪ ನನ್ನ ಪಕ್ಕ ಕೂತಿದ್ದ. ಊರು ಹತ್ತಿರ ಬಂದಾಗ “ಸಾಕ ಬಿಡವಾ, ಮನ್ಯಾಗ ಕೂಡು. ನಾವಿಲ್ಲೇನು?” ಎಂದ. ಪ್ರೀತಿಯಿಂದಲೇ ಹೇಳಿದ. ಅಷ್ಟು ಹೆದರಿಕೆ ನನಗೆ ಕಣ್ಣು ಹೋಗುವಾಗಲೂ ಆಗಿರಲಿಲ್ಲ. ಆ ಮನೆಯಲ್ಲೇ, ಆ ಮೂಲೆಯಲ್ಲೇ, ಹತ್ತಿ ತುಂಬುತ್ತ ನಾನು ಮುದುಕಿಯಾಗುವುದು ನನಗೆ ಸ್ಪಷ್ಟವಾಗಿ ಕಾಣಿಸಿತು.

ಕೆಲವು ದಿನ ಅವ್ವ ಕಲಸಿ ಕೊಟ್ಟ ಅನ್ನ ಹಾಗೇ ಆರುತ್ತಿತ್ತು. ಆಮೇಲೆ ಒಂದು ಮಧ್ಯಾಹ್ನ ಮುಶಿಗೇರಿಯ ಹುಡುಗಿ ಒಬ್ಬಳೇ ಬಂದಳು. ಬರೆಯಲು ತನಗೆ ಬಿಡುವುದಿಲ್ಲ ಎಂದು ಅವಳಿಗೆ ಸರ್ ಹೇಳಿದ್ದರು. “ಹಂಗಾದ್ರ ಎಲ್ಲಾ ಅಕ್ಷರ ನೀನ ಹೇಳಬೇಕಕ್ಕಾ,” ಎಂದಳು. “ನಾ ಓದತೀನಿ, ನೀ ಬಾಯಿಪಾಠ ಮಾಡು.”

ಅವಳು ಪುಸ್ತಕದಿಂದ ಅಕ್ಷರ ಅಕ್ಷರವಾಗಿ ಓದಿದಳು, ನಾನು ಒಪ್ಪಿಸಿದೆ. ದಿನವೂ ಶಾಲೆ ಬಿಟ್ಟ ಮೇಲೆ ಬಂದು, ಕಡೆಯ ಬಸ್ಸಿಗೆ ಹೋಗುತ್ತಿದ್ದಳು. ಇಂಗ್ಲಿಷ್ ಕಿವಿಗೆ ಒಂದು ಹೇಳಿದರೆ ಕಾಗದಕ್ಕೆ ಇನ್ನೊಂದು ಹೇಳುತ್ತಿತ್ತು. ಕೇಳಿಸದ ಅಕ್ಷರಗಳು ಎಲ್ಲೆಲ್ಲಿ ಕೂತಿವೆ ಎಂದು ಗೊತ್ತಾದ ಹಾಗೆಲ್ಲ ಎದೆ ಒಡೆಯುತ್ತಿತ್ತು. ಎಲ್ಲವನ್ನೂ ಕಲಿಯಲು ದಿನಗಳು ಸಾಲುತ್ತಿರಲಿಲ್ಲ. ಕೊನೆಗೆ ಸರ್ ಹೇಳಿದರು, “ದೊಡ್ಡ ಮಾತ ಬಿಡು. ಬರಿಯಾಕ ಬರೋ ಮಾತಷ್ಟ ಆಡು.”

ನಾನು ಒಂದೊಂದೇ ಮಾತನ್ನು ಬಿಟ್ಟೆ. ಮೋಡ ಬಿಟ್ಟೆ. ಕಾಮೆಂಟರಿಯಿಂದ ಕಲಿತ ಚೆಂದದ ಮಾತುಗಳನ್ನೆಲ್ಲ ಬಿಟ್ಟೆ. ಕೈಯಲ್ಲಿ ಉಳಿದದ್ದು ಐದನೇ ತರಗತಿಯ ಮಕ್ಕಳ ಇಂಗ್ಲಿಷ್.

ಮರುಪರೀಕ್ಷೆ ರೋಣದಲ್ಲಿ. ಬರೆಯಲು ಬಂದವಳು ಎಂಟನೇ ತರಗತಿಯವಳು, ಇನ್ನೂ ಸಣ್ಣ ಧ್ವನಿ. ನಾನು ಒಂದೊಂದೇ ಅಕ್ಷರ ಹೇಳಿದೆ, ಅವಳು ಬರೆದಳು. ನಾನು ‘ಇ’ ಎಂದರೆ ಅವಳು ‘ಐ’ ಬರೆಯುತ್ತಾಳೋ ಎಂಬ ಅನುಮಾನಕ್ಕೆ ಪ್ರತಿ ಸಾಲನ್ನೂ ತಿರುಗಿ ಓದಿಸುತ್ತಿದ್ದೆ. ನನ್ನ ತಂದೆ ಒಳ್ಳೆಯವರು, ಅವರಿಗೆ ಅಂಗಡಿ ಇದೆ, ಅವರು ದಿನವೂ ಕೆಲಸ ಮಾಡುತ್ತಾರೆ. ಪ್ರಬಂಧದಲ್ಲಿ ಅಷ್ಟೇ ಬಂತು. ಕಡೆಯ ಪ್ರಶ್ನೆ ಮುಟ್ಟುವ ಮೊದಲೇ ವೇಳೆ ಮುಗಿಯಿತೆಂದು ಉತ್ತರಪತ್ರಿಕೆ ಕಿತ್ತುಕೊಂಡರು. ಹೊರಗೆ ಅಪ್ಪ ಕಾಯುತ್ತಿದ್ದ. “ಹ್ಯಾಂಗಾತು?” ಎಂದಾಗ ನಾನು ಅವನ ಭುಜಕ್ಕೆ ತಲೆಯಿಟ್ಟು ಅತ್ತೆ. ಅವನು ಮತ್ತೆ ಹೋಯಿತು ಎಂದುಕೊಂಡ.

ಹೋಗಲಿಲ್ಲ. ಪಾಸಾಗಲು ಬೇಕಾದಷ್ಟೇ ಅಂಕ ಬಂದಿತ್ತು. ಅವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು. ಮುಶಿಗೇರಿಯ ಹುಡುಗಿ ಬಂದು ನನ್ನ ಎರಡೂ ಕೈ ಹಿಡಿದು “ಈಗರ ಒಂದೀಟು ಇಂಗ್ಲಿಷ್ ಮಾತಾಡಕ್ಕಾ, ಕೇಳಬೇಕನಿಸೇತಿ” ಎಂದಳು. ನಾನು ಬಾಯಿ ತೆರೆದೆ. ಹೊರಟ ಮೊದಲ ಮಾತಿಗೇ ಅದರ ಸ್ಪೆಲಿಂಗ್ ಅಡ್ಡ ಬಂತು. ಅದನ್ನು ಬದಿಗೆ ಸರಿಸಿ ಮುಂದಿನದಕ್ಕೆ ಹೋದರೆ ಅಲ್ಲೂ ಅದೇ. ನಾನು ನಕ್ಕು ಸುಮ್ಮನಾದೆ. ನಾನು ನಾಚಿಕೊಂಡೆ ಎಂದು ಅವಳು ತಿಳಿದಿರಬೇಕು.

ಕಾಲೇಜಿಗೆ ಹೆಸರು ಹಚ್ಚಲು ಹೋದಾಗ ಅಲ್ಲಿನವರು ಮೊದಲು ಕೇಳಿದ್ದು ಪರೀಕ್ಷೆಗೆ ಬರೆಯುವವರು ಯಾರು ಎಂದು. ಅಪ್ಪ ನನ್ನ ಕಡೆ ತಿರುಗಿದ್ದು ಅವನ ಅಂಗಿಯ ಸದ್ದಿನಿಂದ ತಿಳಿಯಿತು.

“ಹುಡುಕ್ತೀವ್ರಿ,” ಎಂದೆ.