ಉಳಿಗೆ ಗಾಲಿ ಕಟ್ಟಿದ ಕಥೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನನ್ನ ಎಡಗೈಯಲ್ಲಿ ಒಂದು ರೋಮವೂ ಇಲ್ಲ. ಉಳಿ ಹರಿತವಾಯಿತೇ ಎಂದು ನೋಡಿ ನೋಡಿ ಮೊಣಕೈವರೆಗೂ ಬೋಳಿಸಿಕೊಂಡಿದ್ದೇನೆ. ಚಿಂತಾಮಣಿಯ ಹೈಸ್ಕೂಲಿನಲ್ಲಿ ಗಣಿತ ಹೇಳುವ ಹೆಂಗಸಿಗೆ ಮರಗೆಲಸದ ಹುಚ್ಚು ಹಿಡಿದರೆ ಹೀಗೇ ಆಗುವುದು. ಎರಡು ವರ್ಷದಲ್ಲಿ ಮಾಡಿದ್ದು ಒಂದೇ ಒಂದು ಸ್ಟೂಲು, ಅದೂ ಕುಂಟುತ್ತದೆ. ಮಿಕ್ಕ ಕಾಲವೆಲ್ಲ ಸಾಣೆಗೇ ಹೋಯಿತು.

ನನ್ನ ಸಾಣೆ ಕಲ್ಲಿನದಲ್ಲ. ಮೈತುಂಬ ವಜ್ರದ ಪುಡಿ ಅಂಟಿಸಿದ ಎರಡು ಉಕ್ಕಿನ ಹಲಗೆ, ಡೈಮಂಡ್ ಪ್ಲೇಟು. ಒಂದು ಒರಟು, ಒಂದು ನಯ. ಮೂಗುತಿಗೂ ವಜ್ರ ಕಾಣದವಳು ಉಳಿಗೆ ವಜ್ರ ತಂದೆ! ಜೊತೆಗೊಂದು ಜಿಗ್: ಉಳಿಯನ್ನು ಎರಡೂ ಕಡೆಯಿಂದ ಕಚ್ಚಿ ಹಿಡಿಯುವ, ಕೆಳಗೆ ಪುಟ್ಟ ಗಾಲಿ ಇರುವ ಹಿಡಿಕೆ. ಉಳಿಯನ್ನು ಎಷ್ಟು ಮುಂದೆ ಚಾಚಿದರೆ ಎಷ್ಟು ಡಿಗ್ರಿ ಎಂದು ಅದರ ಪುಸ್ತಕದಲ್ಲಿದೆ. ಕೈ ತಪ್ಪಬಹುದು, ಗಾಲಿ ತಪ್ಪುವುದಿಲ್ಲ. ಗಣಿತದವರಿಗೆ ಇದಕ್ಕಿಂತ ಸುಖ ಬೇರೇನಿದೆ?

ಮಳೆಗೆ ಊದಿದ ಬಾಗಿಲು ಸರಿಮಾಡಲು ಮುರುಗಮಲ್ಲದಿಂದ ಬಡಗಿ ವೆಂಕಟಾಚಾರ್ರು ಬಂದರು. ಮರದ ಎಳೆ ನೋಡುವುದನ್ನು ನನಗೆ ಕಲಿಸಿದವರು ಅವರೇ. ಜಿಗ್ ನೋಡಿ ನಕ್ಕರು. "ಅಬ್ಬಬ್ಬ, ಉಳೀಗೂ ಗಾಲಿ ಕಟ್ಬಿಟ್ರಾ ಮೇಡಮ್ಮ! ಇನ್ನು ಅದೇ ಕೆಲ್ಸಕ್ಕೆ ಹೋಗ್ಬರ್ತದೆ ಬಿಡಿ."

ಅವರು ಊಟಕ್ಕೆ ಹೋದಾಗ, ದೇವರಾಣೆ, ಪ್ರೀತಿಯಿಂದಲೇ ಅವರ ಚೀಲದಿಂದ ಒಂದು ಗಿಡ್ಡ ಉಳಿ ತೆಗೆದು ಜಿಗ್ಗಿಗೆ ಸಿಕ್ಕಿಸಿದೆ. ಪುಸ್ತಕ ಹೇಳಿದ ಇಪ್ಪತ್ತೈದು ಡಿಗ್ರಿ. ಒರಟು ಪ್ಲೇಟಿನ ಮೇಲೆ ಅರ್ಧ ಗಂಟೆ. ಬಂದವರು ಉಗುರಿನ ಮೇಲೆ ಇಟ್ಟು ನೋಡಿ "ಭೇಷ್" ಎಂದು, ಬಾಗಿಲ ಚೌಕಟ್ಟಿಗೆ ಎರಡು ಏಟು ಹಾಕಿದರು. ಹಳೇ ಬೇವು, ಕಲ್ಲಿನಂಥದ್ದು. ಕೋನ ಕಡಿಮೆಯಾಗಿ ತೆಳ್ಳಗಾಗಿದ್ದ ಉಳಿಯ ಬಾಯಿ ಮುಕ್ಕಾಯಿತು.

ಆಚಾರ್ರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನಮ್ಮಪ್ಪಂದು ಇದು. ತುದೀಗೆ ಮಾತ್ರ ಉಕ್ಕು, ಮೇಲೆಲ್ಲ ಬರೀ ಕಬ್ಣ. ಈ ಉಕ್ಕು ಮುಗಿದ್ರೆ ಮುಗೀತು. ನಾನು ಕೆಲ್ಸ ಬಿಡೋಗಂಟ ಬರ್ಲಿ ಅಂತ ಜಿಪುಣನಂಗೆ ಮಸೀತಿದ್ದೆ" ಎಂದರು. ಮಿಕ್ಕಿದ್ದ ಉಕ್ಕು ಹೆಬ್ಬೆರಳ ಉಗುರಿನಷ್ಟು. ನನ್ನ ಅರ್ಧ ಗಂಟೆ ಅದರಲ್ಲಿ ಅವರ ಎಷ್ಟು ವರ್ಷ ತಿಂದಿತ್ತೋ! ನನಗೆ ಅಳುವೇ ಬಂತು.

ಆಮೇಲೆ ಅವರು ಬಲಗೈ ಚಾಚಿ ತೋರಿಸಿದರು. ಬೆರಳು ನಡುಗುತ್ತಿದ್ದವು. "ನಾ ಮಸೆದ್ರೂ ಈಗ ಒಂದ್ಕಡೆ ವಾಲ್ತದೆ. ಅದನ್ನ ಸರಿಮಾಡೋಕೋಗಿ ಇನ್ನಷ್ಟು ಸವೀತದೆ. ನಿಮ್ಮ ಗಾಡಿ ನಡುಗಲ್ವಲ್ಲ, ಇನ್ನೊಂದ್ಸಲ ಹಾಕಿ. ಆದ್ರೆ ನಾ ಹೇಳ್ದಂಗೆ."

ಪುಸ್ತಕ ಮುಚ್ಚಿಟ್ಟೆ. ಅವರೇ ಮಸೆದಿದ್ದ ಇನ್ನೊಂದು ಉಳಿಯನ್ನು ಜಿಗ್ಗಿಗೆ ಸಡಿಲವಾಗಿ ಸಿಕ್ಕಿಸಿ, ಅದರ ಬಾಯಿಯ ಇಳಿಜಾರು ಪ್ಲೇಟಿನ ಮೇಲೆ ಪೂರ್ತಿ ಕೂತ ಜಾಗಕ್ಕೆ ಗುರುತು ಹಾಕಿಕೊಂಡೆ. ಅಳೆದರೆ ಮೂವತ್ತೆರಡು ಚಿಲ್ಲರೆ ಡಿಗ್ರಿ, ಪುಸ್ತಕದಲ್ಲೇ ಇಲ್ಲದ ಲೆಕ್ಕ. ಅದೇ ಗುರುತಿಗೆ ಅಪ್ಪನ ಉಳಿಯನ್ನು ಕೂರಿಸಿ ಮುಕ್ಕು ತೆಗೆದೆ.

ಈಗ ಹದಿನೈದು ದಿನಕ್ಕೊಮ್ಮೆ ಆಚಾರ್ರು ಅಪ್ಪನ ಉಳಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಬಸ್ಸಿಳಿಯುತ್ತಾರೆ. ನಯದ ಪ್ಲೇಟಿನ ಮೇಲೆ ನಾಲ್ಕೇ ನಾಲ್ಕು ಸಲ ಎಳೆಯುತ್ತೇನೆ. ಇನ್ನೂ ಹರಿತ ಬರಬಹುದಲ್ಲ ಎಂದು ನನ್ನ ಹಾಳು ಕೈ ಐದನೆಯದಕ್ಕೆ ಹೊರಡುತ್ತದೆ. ಅವರು ನಡುಗುವ ಬೆರಳನ್ನು ಗಾಲಿಗೆ ಅಡ್ಡ ಇಡುತ್ತಾರೆ.

"ಸಾಕಮ್ಮ. ಇವತ್ತಿನ ಕೆಲ್ಸಕ್ಕೆ ಇಷ್ಟು ಸಾಕು."