ಹಡಗಿನ ಡೈರಿಯಲ್ಲಿ ನಾನು ತಿದ್ದಿದ ಪದ

ಕೋವಿಡ್ ಬರುವುದಕ್ಕೆ ಹಿಂದಿನ ವರ್ಷ ನಾನು ಮಂಗಳೂರಿನ ಕಾವೂರಿನಲ್ಲಿ ಡಿಟಿಪಿ ಅಂಗಡಿ ನಡೆಸುತ್ತಿದ್ದೆ. ಕೈಬರಹವನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಪುಟ ಕಟ್ಟುವ ಕೆಲಸ. ನನ್ನ ಊರು ಘಟ್ಟದ ಮೇಲೆ, ತರೀಕೆರೆ ಕಡೆ. ಎಸ್ಸೆಸ್ಸೆಲ್ಸಿ ಪಾಸಾದದ್ದು ಇಪ್ಪತ್ತೇಳನೇ ವಯಸ್ಸಿಗೆ. ಕಷ್ಟಪಟ್ಟು ಕಲಿತ ಕನ್ನಡ. ಗಿರಾಕಿಗಳ ಬರಹದಲ್ಲಿ ತಪ್ಪು ಕಂಡರೆ ಕೇಳದೆಯೇ ತಿದ್ದಿಬಿಡುತ್ತಿದ್ದೆ.

ಒಂದು ದಿನ ಎಂಬತ್ತು ದಾಟಿದ ಗಿರಿಜಕ್ಕ ಹಳೆಯ ಪುಸ್ತಕವೊಂದನ್ನು ತಂದರು. ನೂರಿಪ್ಪತ್ತು ವರ್ಷಕ್ಕೂ ಹಿಂದೆ ಅವರ ಅಜ್ಜ ಹಾಯಿಹಡಗಿನಲ್ಲಿ ಹಂಚು, ತೆಂಗಿನಕಾಯಿ ಹೇರಿಕೊಂಡು ಮಸ್ಕತ್ತಿನವರೆಗೆ ಹೋದಾಗ ಬರೆದ ಡೈರಿ. ಅವರು ಮರಳುವ ಮೊದಲೇ ಅಜ್ಜಿ ಜ್ವರದಲ್ಲಿ ತೀರಿಕೊಂಡಿದ್ದರು. ಜ್ವರದ ಸುದ್ದಿ ತಿಳಿದೂ ಅಜ್ಜ ವ್ಯಾಪಾರದಾಸೆಗೆ ಗುಜರಾತಿನ ಪೋರಬಂದರದಲ್ಲೇ ಉಳಿದರೆಂದು ಊರು ಆಡಿಕೊಂಡಿತ್ತು.

"ನನ್ನ ಅಪ್ಪ ಸಾಯುವವರೆಗೆ ಅಜ್ಜನ ಹೆಸರೆತ್ತಲಿಲ್ಲ. ನನಗೆ ಕಣ್ಣು ಕಾಣುದಿಲ್ಲ. ಅದ್ರಲ್ಲಿ ಎಂತ ಉಂಟು ಅಂತ ಗೊತ್ತಾಗ್ಬೇಕು. ಟೈಪ್ ಮಾಡಿ ಓದಿ ಹೇಳಿ."

ಒಂದೊಂದೇ ಅಕ್ಷರ ಕುಟ್ಟುವ ನನಗೆ ಮೂರು ವಾರ ಹಿಡಿಯಿತು. ಮುಗಿದ ದಿನ ಟೈಪ್ ಮಾಡಿದ ಪ್ರತಿಯಿಂದ ಓದಿ ಹೇಳಿದೆ. ಅಕ್ಕಿಯಲ್ಲಿ ಹುಳ ಬಿದ್ದದ್ದು, ಅಡುಗೆಯವನ ಗೊರಕೆ. ಗಿರಿಜಕ್ಕ ನಗುತ್ತ ಕೇಳಿದರು. ಆಮೇಲೆ ಪೋರಬಂದರದ ಪುಟ ಬಂತು: "ಊರಿನ ಹಡಗಿನವರು ಸಿಕ್ಕಿದರು. ಮನೆಯಲ್ಲಿ ಜ್ವರವಂತೆ. ತೆಂಗಿನಕಾಯಿ ಬಿಡುವುದಿಲ್ಲ."

ಅವರ ಮುಖ ಬಾಡಿತು. "ತೆಂಗಿನಕಾಯಿ ಬಿಟ್ಟು ಬರ್ಲಿಕ್ಕೆ ಆಗ್ಲಿಲ್ವಾ? ಸಾಕು, ಕೊಡಿ ಪುಸ್ತಕ" ಎಂದು ಎದ್ದರು.

ನಾನು ಮುಂದಿನ ಸಾಲು ಓದಿದೆ: "ಇವತ್ತೂ ಹೊರಟೆವು. ತೆಂಗಿನಕಾಯಿ ಜೋರು. ಹಾಯಿ ಇಳಿಸಿದೆವು."

"ತೆಂಗಿನಕಾಯಿ ಎಂತದು ಜೋರು ಮಾರಾಯ್ರೆ? ತಲೆಗೆ ಬೀಳ್ತದಾ? ಅಜ್ಜ ಬರ್ದದ್ದು ಬರ್ದ ಹಾಗೇ ಓದಿ."

ಡೈರಿ ತೆರೆದೆ. "ಇದರಲ್ಲಿ 'ತೆಂಕಾಯಿ' ಅಂತಿದೆ ಅಮ್ಮಾ. ತಪ್ಪು ಅಂತ ನಾನೇ ತಿದ್ದಿದೆ."

"ಅಯ್ಯೋ ದೇವರೇ! ತೆಂಕಾಯಿ ಅಂದ್ರೆ ತುಳುವಲ್ಲಿ ದಕ್ಷಿಣ. ದಕ್ಷಿಣದ ಗಾಳಿ!"

ಎದುರಿನಿಂದ ದಕ್ಷಿಣದ ಗಾಳಿ ಬೀಸುವಾಗ ಹಾಯಿಹಡಗು ಮಂಗಳೂರಿನ ಕಡೆ ಬರುವುದಾದರೂ ಹೇಗೆ? ಅಜ್ಜ ದಿನಾ ಹೊರಟಿದ್ದರು. ಗಾಳಿ ದಿನಾ ತಡೆದಿತ್ತು. ಗಿರಿಜಕ್ಕ ಆ ಪುಟದ ಮೇಲೆ ಅಂಗೈ ಇಟ್ಟರು.

"ಅಪ್ಪನಿಗೆ ಇದನ್ನು ಓದಿ ಹೇಳುವವರು ಯಾರೂ ಇರ್ಲಿಲ್ಲ" ಎಂದರು.

ಈಗ ಆ ಅಂಗಡಿ ಇಲ್ಲ. ನನಗೆ ಗೊತ್ತಿಲ್ಲ ಎಂದ ಮಾತ್ರಕ್ಕೆ ಒಂದು ಪದ ತಪ್ಪಾಗುವುದಿಲ್ಲವೆಂದು ಕಲಿತದ್ದು ಅಲ್ಲೇ. ತಿದ್ದುವ ಮೊದಲು ಕೇಳುತ್ತೇನೆ.

ಸರಿಪಡಿಸಿದ ಪ್ರತಿ ಒಯ್ಯಲು ಬಂದ ದಿನ ಗಿರಿಜಕ್ಕ ಚೀಲದಿಂದ ಒಂದು ಕಾಯಿ ತೆಗೆದು ಕೀಬೋರ್ಡಿನ ಪಕ್ಕ ಇಟ್ಟರು.

"ಇದು ತೆಂಗಿನಕಾಯಿ. ಸರಿಯಾಗಿ ನೋಡಿಕೊಳ್ಳಿ."