ಬನದಲ್ಲಿ ಕೈಮುಗಿಯದ ಶಂಕರಿ

ದೇಲಂಪಾಡಿಯ ಶಂಕರಿ ಸಸ್ಯ ಪರಿಸರ ವಿಜ್ಞಾನದಲ್ಲಿ ಪಿಎಚ್.ಡಿ. ಸಂಶೋಧನೆಗೆ ಸೇರಿದ್ದು ೨೦೨೩ನೇ ಇಸವಿ ಆಗಸ್ಟ್ ೧೬ರ ಬುಧವಾರ. ಜುಲೈ ಎನ್ನುವವರಿದ್ದಾರೆ; ಅದು ಸಂದರ್ಶನ ನಡೆದ ತಿಂಗಳು. ಊರಿನ ಕಾಡಂಚಿನಿಂದ ಎಡನೀರಿನವರೆಗೆ ತೋಟಗಳ ನಡುವೆ ಅಲ್ಲಲ್ಲಿ ಉಳಿದಿರುವ, ನಾಗನಿಗೆಂದು ಮರ ಕಡಿಯದೆ ಬಿಟ್ಟ ನಾಗಬನಗಳಲ್ಲಿ, ಹಕ್ಕಿಗಳು ಒಂದರ ಬೀಜವನ್ನು ಇನ್ನೊಂದಕ್ಕೆ ಹೇಗೆ ಒಯ್ಯುತ್ತವೆ ಎಂಬುದು ಅವಳ ವಿಷಯ. ಆ ಸಾಲಿನ ನಡುವಿನ ಕೊಂಡಿ ಅವಳ ಕುಟುಂಬದ ಬನವೇ ಆಗಿತ್ತು. ಅದು ಹೋದರೆ ಎರಡೂ ಕಡೆಯ ಬನಗಳು ಒಂಟಿಯಾಗುತ್ತಿದ್ದವು. ಅವಳ ಸಂಶೋಧನೆಯೂ ಅಲ್ಲಿಗೇ ಮುಗಿಯುತ್ತಿತ್ತು.

ಆ ಬನದ ಜೀರ್ಣೋದ್ಧಾರಕ್ಕೇ ದೊಡ್ಡಪ್ಪ ಹರಿನಾರಾಯಣರು ಹೊರಟರು. ಮರ ಕಡಿದು ಕಾಂಕ್ರೀಟು ಕಟ್ಟೆ, ಸುತ್ತಲೂ ಗ್ರಾನೈಟು.

"ವಯನಾಡಿನ ಆನೆದಾರಿಯ ಯೋಜನೆಯಲ್ಲಿ ಒಂದು ಜಾಗ ಖಾಲಿ ಉಂಟು. ಅಲ್ಲಿಗೆ ಸೇರು. ಮನೆಯವರ ಹತ್ತಿರ ಜಗಳ ಎಂತಕ್ಕೆ?" ಎಂದು ಮಾರ್ಗದರ್ಶಕ ಶರತ್ಚಂದ್ರರು ಫೋನಿನಲ್ಲಿ ಹೇಳಿದರು.

"ಆನೆಯನ್ನು ವಿಚಾರಿಸುವವರು ಬೇಕಾದಷ್ಟು ಜನ ಇದ್ದಾರೆ ಸರ್. ಇದಕ್ಕೆ ನಾನೊಬ್ಬಳೇ."

ಬನದ ಮರಕ್ಕೆ ಕೊಡಲಿ ಹಾಕುವ ಮೊದಲು ಕುಟುಂಬದವರೆಲ್ಲ ಒಟ್ಟಾಗಿ ನಾಗನಲ್ಲಿ ಅಪ್ಪಣೆ ಬೇಡುವುದು ಆ ಮನೆಯ ಕ್ರಮ. ಒಬ್ಬರು ಬೇಡವೆಂದರೂ ಪ್ರಾರ್ಥನೆ ಕೂಡದು. ೨೦೨೪ರ ಫೆಬ್ರವರಿ ೧೧, ಭಾನುವಾರ ಬೆಳಿಗ್ಗೆ ಎಲ್ಲರೂ ಕೈಮುಗಿದು ನಿಂತರು. ಶಂಕರಿ ಮಾತ್ರ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ಎಲ್ಲರ ಒಪ್ಪಿಗೆ ಉಂಟಷ್ಟೆ?" ಪ್ರಾರ್ಥನೆ ಮಾಡಿಸಲು ಬಂದಿದ್ದ ತಂತ್ರಿಗಳು ವಾಡಿಕೆಯಂತೆ ಕೇಳಿದರು.

"ನನ್ನದಿಲ್ಲ."

"ಎಂತ ಮಾರಾಯ್ತಿ, ನಾಗನಿಗೆ ಒಂದು ಒಳ್ಳೆ ಕಟ್ಟೆ ಬೇಡವಾ?" ದೊಡ್ಡಪ್ಪ ರೇಗಿದರು.

"ಮಧ್ಯಾಹ್ನದ ಬಿಸಿಲಿಗೆ ಗ್ರಾನೈಟಿನ ಮೇಲೆ ನೀವೊಮ್ಮೆ ಬರಿಗಾಲಲ್ಲಿ ನಿಂತು ನೋಡಿ ದೊಡ್ಡಪ್ಪ. ಆಮೇಲೆ ನಾಗನನ್ನು ಕೂರಿಸುವ."

ಚಿಕ್ಕಮ್ಮ ತುಂಗಾ ಸೆರಗು ಬಾಯಿಗೆ ಒತ್ತಿಕೊಂಡು ನಗು ತಡೆದರು. ತಂತ್ರಿಗಳು ಪ್ರಾರ್ಥನೆ ನಿಲ್ಲಿಸಿ, ಕೈಯಲ್ಲಿದ್ದ ಹೂವನ್ನು ಮರಳಿ ಬಾಳೆಲೆಯಲ್ಲಿಟ್ಟರು.

"ಆಯ್ತು. ಮದುವೆಯಾಗಿ ಹೋದ ಮೇಲೆ ನೀನು ಬೇರೆ ಕುಟುಂಬದವಳು. ಆಗ ನಿನ್ನ ಒಪ್ಪಿಗೆ ಯಾರಿಗೆ ಬೇಕು?" ಎಂದರು ದೊಡ್ಡಪ್ಪ.

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಕ್ರಮ ಇರುವುದೂ ಹಾಗೆಯೇ. ಶಂಕರಿ ಬೆನ್ನ ಹಿಂದಿನ ಕೈ ಬಿಡದೆ ಅವರತ್ತ ತಿರುಗಿದಳು.

"ಹಾಗಾದರೆ ಇನ್ನು ಜಾತಕ ಹಿಡಿದುಕೊಂಡು ಬರಬೇಡಿ."

ಮರುದಿನ, ಸೋಮವಾರ, ಮರಗಳ ಕೆಳಗೆ ಬೀಳುವ ಬೀಜ ಹಿಡಿಯಲು ಅವಳು ಬಲೆ ಕಟ್ಟುತ್ತಿದ್ದಳು.

"ಯಾರನ್ನು ಕೇಳಿ ಕಟ್ಟುವುದು ಅದು?" ದೊಡ್ಡಪ್ಪ ಗದ್ದೆಯ ಬದುವಿನಿಂದ ಕೂಗಿದರು.

"ಈ ಕುಟುಂಬದವಳು ಯಾರನ್ನು ಕೇಳಬೇಕು?" ಎಂದು ಶಂಕರಿ ಹಗ್ಗದ ಗಂಟನ್ನು ಬಿಗಿದಳು.